ಪುಂಡರ ಪಡೆಯ ಗೂಳಿ

ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಅಚ್ಚಕ್ಕ ಎಂದೇ ಕರೆಯುತ್ತಿದ್ದರು. ಪ್ಲಾಸ್ಟಿಕ್ ಗೊಂಬೆಯ ಅಚ್ಚಿಗೆ ಮೂಲವಾಗುವ ಮೇಣದ ಗೊಂಬೆ ಕೆತ್ತುವುದು ಅವಳ ಕೆಲಸ. ಹೆಬ್ಬೆರಳಿನಷ್ಟು ಮೇಣ, ಕಾಯಿಸಿದ ಸೂಜಿ, ತೆಳ್ಳನೆಯ ಚಾಕು, ಭೂತಗನ್ನಡಿ ಕಟ್ಟಿದ ದೀಪ. ಇಷ್ಟಿದ್ದರೆ ಸಾಕು, ಮೂಗು, ಮುಷ್ಟಿ, ಮುರಿದ ಹಲ್ಲು ಒಂದೊಂದಾಗಿ ಎದ್ದು ಬರುತ್ತಿದ್ದವು.

ಮೊದಲು ಅಲ್ಲಿ ಬಾಚಣಿಗೆ, ಬಾಟಲಿ ಮುಚ್ಚಳ ಮಾಡುತ್ತಿದ್ದರು. ವ್ಯಾಪಾರ ಬಿದ್ದುಹೋದಾಗ ಯಜಮಾನರು ಅವಳ ಮೇಜಿನ ಹತ್ತಿರ ಬಂದು ನಿಂತರು.

"ಮಕ್ಕಳು ಕೂಡಿಡೋ ಅಂಥ ಗೊಂಬೆ ಬೇಕಮ್ಮಾ. ಹೊಡೆದಾಡೋ ಗೊಂಬೆ. ಒಬ್ಬೊಬ್ಬಂದೂ ಒಂದೊಂದು ವರಸೆ ಇರ್ಬೇಕು."

ಹೊಡೆದಾಡುವವರನ್ನು ಹುಡುಕಿಕೊಂಡು ಅಚ್ಚಕ್ಕ ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಅವಳು ಹುಟ್ಟಿದ ಮನೆಯಲ್ಲಿ ಕೈ ಮುಂದು, ಮಾತು ಹಿಂದು. ಅಪ್ಪ ಬೆಲ್ಟು ಬಿಚ್ಚಿದರೆ ಬೀದಿಯ ನಾಯಿಗಳೂ ಜಾಗ ಖಾಲಿ ಮಾಡುತ್ತಿದ್ದವು. ಚಿಕ್ಕಪ್ಪ ಕಚ್ಚುತ್ತಿದ್ದ. ಅವರಿಬ್ಬರೂ ಹೋದ ಮೇಲೆ ಆ ಕೆಲಸ ಅಣ್ಣನ ಪಾಲಿಗೆ ಬಂತು. ಗೋದಾಮಿನಲ್ಲಿ ಲಾರಿಗಳಿಂದ ಮೂಟೆ ಇಳಿಸುತ್ತಿದ್ದ ಅವನಿಗೆ ಅಲ್ಲಿನವರು ಇಟ್ಟ ಹೆಸರು ಗೂಳಿ. ಕೋಪ ಬಂತೆಂದರೆ ಎಡಭುಜ ಒಳಗೆಳೆದುಕೊಂಡು, ಬಲಕ್ಕೊಮ್ಮೆ ಉಗುಳಿ, ತಲೆ ತಗ್ಗಿಸಿ ನೇರ ಎದೆಗೇ ನುಗ್ಗುತ್ತಿದ್ದ. ಬಿದ್ದವರ ಅಂಗೈಯನ್ನು ಹಿಮ್ಮಡಿಯಲ್ಲಿ ಅರೆದರೇ ಅವನಿಗೆ ಸಮಾಧಾನ. ಅವನು ಊಟಕ್ಕೆ ಕೂತಾಗ ನಕ್ಕಳೆಂಬ ಒಂದೇ ತಪ್ಪಿಗೆ ಚಿಕ್ಕಂದಿನಲ್ಲಿ ಅಚ್ಚಕ್ಕನ ಕೊರಳ ಕೆಳಗಿನ ಎಲುಬು ಮುರಿದಿತ್ತು. ಅದು ಸೊಟ್ಟಗೇ ಕೂಡಿಕೊಂಡಿತ್ತು.

ಅವಳು ಇವರನ್ನೇ ಕೆತ್ತಿದಳು. ಬೆಲ್ಟಿನವನು, ಕಚ್ಚುವವನು, ಬಾಗಿಲ ಹಿಂದೆ ಬಡಿಗೆ ಹಿಡಿದು ನಿಲ್ಲುತ್ತಿದ್ದ ಪಕ್ಕದ ಮನೆಯವನು. ತಲೆ ತಗ್ಗಿಸಿದವನಿಗೆ ಎರಡು ಕೊಂಬು ಇಟ್ಟು ಗೂಳಿ ಎಂದಳು. ಹೆಸರಿಡುವಾಗ ಒಮ್ಮೆ ಬಾಗಿಲ ಕಡೆ ತಿರುಗಿ ನೋಡಿದಳು. ಆದರೆ ಮಕ್ಕಳ ಆಟಿಕೆಯತ್ತ ತಿರುಗಿ ನೋಡಲು ಅಣ್ಣನಿಗೆ ಪುರುಸೊತ್ತೆಲ್ಲಿ?

'ಪುಂಡರ ಪಡೆ' ಎಂಬ ಹೆಸರಿನಲ್ಲಿ ಗೊಂಬೆಗಳು ಅಂಗಡಿಗೆ ಬಂದವು. ಪೊಟ್ಟಣ ಒಡೆಯುವವರೆಗೆ ಒಳಗೆ ಯಾರಿದ್ದಾರೆಂದು ತಿಳಿಯುತ್ತಿರಲಿಲ್ಲ. ಗೂಳಿಯ ಕೊಂಬು ತೆಳುವಾದ್ದರಿಂದ ಕರಗಿದ ಪ್ಲಾಸ್ಟಿಕ್ ತುದಿಯವರೆಗೆ ಹೋಗುತ್ತಿರಲಿಲ್ಲ. ಮೊಂಡುಕೊಂಬಿನವನ್ನೆಲ್ಲ ಮತ್ತೆ ಕರಗಿಸುತ್ತಿದ್ದರು. ಹಾಗಾಗಿ ಗೂಳಿ ಸಿಗುವುದೇ ಅಪರೂಪ. ಅವನಿಗಾಗಿ ಶಾಲೆಯ ಅಂಗಳದಲ್ಲಿ ಒಬ್ಬ ಹುಡುಗ ಇನ್ನೊಬ್ಬನ ಕಿವಿಯ ಚೂರನ್ನೇ ಕಚ್ಚಿ ತೆಗೆದ. ಸಂಜೆ ಇಬ್ಬರ ಅಪ್ಪಂದಿರೂ ಅಂಗಡಿಯೆದುರು ಕಬ್ಬಿಣದ ಸರಳು ಹಿಡಿದು ಬಡಿದಾಡಿದರು. ಜಗಳ ಬಿಡಿಸಲು ಹೋದ ಅಂಗಡಿಯವನ ಮುಂಗೈ ಮುರಿಯಿತು.

ಸುದ್ದಿ ಕೇಳಿ ಯಜಮಾನರು, "ಇದಕ್ಕಿಂತ ಜಾಹೀರಾತು ಬೇಕಾ?" ಎಂದು ನಕ್ಕರು. ಅಚ್ಚಕ್ಕನಿಗೆ ಅಂದು ಊಟ ಸೇರಲಿಲ್ಲ. ಆದರೂ ಮರುದಿನ ಬಂದು ಸೂಜಿ ಕಾಯಿಸಿದಳು.

ಪಡೆಯ ಹೆಸರು ಹಬ್ಬಿದ ಮೇಲೆ ಒಂದು ಸಣ್ಣ ಕಂಪನಿ ಅದನ್ನು ವಿಡಿಯೋ ಗೇಮ್ ಮಾಡಿತು. ಮೊದಲ ಗೇಮ್ ಮುಗ್ಗರಿಸಿತು. ಬಣ್ಣವೇನೋ ಇತ್ತು, ಹೊಡೆತದಲ್ಲಿ ಜೀವವಿರಲಿಲ್ಲ. ಪುಂಡರು ನೊಣ ಓಡಿಸುವವರಂತೆ ಕೈ ಬೀಸುತ್ತಿದ್ದರು. "ಇದು ನಮ್ಮ ಗೂಳಿ ಅಲ್ವೇ ಅಲ್ಲ," ಎಂದು ಮಕ್ಕಳು ಮೂಲೆಗೆಸೆದರು. ಆಗ ಕಂಪನಿಯಲ್ಲಿ ಗೊಂಬೆಗಳ ಚಲನೆ ಕೂರಿಸುತ್ತಿದ್ದ ಹುಡುಗಿ ಅಚ್ಚಕ್ಕನನ್ನು ಹುಡುಕಿಕೊಂಡು ಬಂದಳು. ದಪ್ಪ ಕನ್ನಡಕ, ಪಟಪಟ ಮಾತು.

"ಅಕ್ಕಾ, ಇವರು ಹೇಗೆ ಹೊಡೀತಾರೆ? ನೀವು ಮಾಡಿದ್ದೀರಲ್ಲ, ನಿಮಗೆ ಗೊತ್ತಿರ್ಬೇಕು."

ಅಚ್ಚಕ್ಕ ಚಾಕು ಕೆಳಗಿಟ್ಟಳು. "ಹೇಳೋಕೆ ಬರಲ್ಲ. ತೋರಿಸ್ತೀನಿ."

ಪೊಟ್ಟಣ ಕಟ್ಟುವ ಹಾಲಿನಲ್ಲಿ ಹಾಸಿಗೆಗಳನ್ನು ಒಟ್ಟಿದರು. ಸುತ್ತ ಕ್ಯಾಮೆರಾ ನಿಲ್ಲಿಸಿ, ಅವಳ ಮೈಗೆ ಚಲನೆ ದಾಖಲಿಸುವ ಗುರುತಿನ ಗುಂಡಿಗಳನ್ನು ಅಂಟಿಸಿದರು. ಅವಳು ಅಪ್ಪನಾಗಿ ಬೆಲ್ಟು ಬೀಸಿದಳು. ಚಿಕ್ಕಪ್ಪನಾಗಿ ಹಾಸಿಗೆಯ ಅಂಚನ್ನು ಹಲ್ಲಲ್ಲಿ ಹಿಡಿದು ಹರಿದಳು. ಆಮೇಲೆ ಎಡಭುಜ ಒಳಗೆಳೆದು, ಉಗುಳಿ, ತಲೆ ತಗ್ಗಿಸಿ ನುಗ್ಗಿದಳು. ಹಾಸಿಗೆಯ ಒಟ್ಟಿಲು ಧೊಪ್ಪೆಂದು ಉರುಳಿತು. ಜನ್ಮವಿಡೀ ಏಟು ತಿಂದವಳಿಗೆ ಕೊಡುವ ರುಚಿ ಅಂದೇ ಮೊದಲು ಸಿಕ್ಕಿದ್ದು. "ಇನ್ನೊಂದ್ಸಲ ಮಾಡ್ಲಾ?" ಎಂದು ತಾನೇ ಕೇಳಿದಳು. ಸಾಕು ಎಂದರೂ ಮಾಡಿದಳು.

"ಇವನನ್ನ ಸೋಲಿಸೋದು ಹೇಗಕ್ಕಾ? ಸೋಲೇ ಇಲ್ಲ ಅಂದ್ರೆ ಆಟ ಕೆಡುತ್ತೆ," ಎಂದಳು ಹುಡುಗಿ.

"ತಲೆ ತಗ್ಗಿಸಿದ ಮೇಲೆ ಅವನಿಗೆ ಎದುರಿಗಿರೋದು ಕಾಣಲ್ಲ. ಪಕ್ಕಕ್ಕೆ ಸರಿದ್ರೆ ಆಯ್ತು."

ಚಿಕ್ಕಂದಿನಲ್ಲೇ ಇದು ಅವಳಿಗೆ ಗೊತ್ತಿತ್ತು. ಸರಿಯುವ ಧೈರ್ಯ ಇರಲಿಲ್ಲ.

ಎರಡನೆಯ ಗೇಮ್ ಕಾಡ್ಗಿಚ್ಚಿನಂತೆ ಹಬ್ಬಿತು. ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ, ಎಲ್ಲರ ಮೊಬೈಲಿನಲ್ಲೂ ಗೂಳಿ ನುಗ್ಗುತ್ತಿದ್ದ, ಬಿದ್ದವರ ಅಂಗೈ ಅರೆಯುತ್ತಿದ್ದ. ಅದು ಗೋದಾಮಿಗೂ ಬಂತು. ಜೊತೆಯವರು ಮೊಬೈಲು ಹಿಡಿದು, "ನೋಡೋ, ನೀನೇ! ಉಗುಳೋದೂ ನಿಂದೇ!" ಎಂದಾಗ ಅಣ್ಣ ಮೊದಲು ಮೀಸೆ ತಿರುವಿದ. ಆದರೆ ಆಟ ಆಡಿ ಆಡಿ ಅವನನ್ನು ಸೋಲಿಸುವ ಗುಟ್ಟೂ ಎಲ್ಲರಿಗೂ ಗೊತ್ತಾಗಿತ್ತು. ಕೆಲವೇ ದಿನಗಳಲ್ಲಿ ಮೂಟೆಯ ವಿಷಯಕ್ಕೆ ಜಗಳ ಎದ್ದು ಅಣ್ಣ ತಲೆ ತಗ್ಗಿಸಿದ್ದೇ ತಡ, ಎದುರಾಳಿ ಪಕ್ಕಕ್ಕೆ ಸರಿದ. ಅಣ್ಣನ ಹಣೆ ಲಾರಿಯ ಹಿಂಬಾಗಿಲಿಗೆ ಬಡಿದು ಬಿರಿಯಿತು. ರಕ್ತ ಕಣ್ಣಿಗಿಳಿಯುತ್ತಿದ್ದರೆ ಸುತ್ತ ನಿಂತವರು ಚಪ್ಪಾಳೆ ತಟ್ಟಿದರು.

ಹಣೆಗೆ ಬಟ್ಟೆ ಸುತ್ತಿಕೊಂಡು ಅವನು ನೇರ ಕಾರ್ಖಾನೆಗೆ ಬಂದ. ಊಟದ ಹೊತ್ತು. ಕೋಣೆಯಲ್ಲಿ ಅಚ್ಚಕ್ಕ, ಮುಂದಿನ ಗೇಮಿನ ಮಾತಿಗೆ ಬಂದಿದ್ದ ಹುಡುಗಿ, ಇಬ್ಬರೇ.

"ನನ್ನನ್ನ ಬೀದಿಗೆಳೆದೆಯೇನೇ?" ಎಂದವನೇ ಮೇಣದ ಗೊಂಬೆಗಳ ಹಲಗೆಯನ್ನು ಗೋಡೆಯಿಂದ ಕಿತ್ತೆಸೆದ. ತಡೆಯಲು ಬಂದ ಹುಡುಗಿಯನ್ನು ಕೂದಲು ಹಿಡಿದು ಮೇಜಿನ ಅಂಚಿಗೆ ಅಪ್ಪಳಿಸಿದ. ಕನ್ನಡಕ ಚೂರಾಗಿ ಹುಬ್ಬು ಹರಿಯಿತು. ಅಚ್ಚಕ್ಕನ ದವಡೆಗೆ ಬಿದ್ದ ಏಟಿಗೆ ಬಾಯ್ತುಂಬ ಉಪ್ಪುಪ್ಪು ರಕ್ತ. ಅವಳು ಗೋಡೆ ಹಿಡಿದು ಎದ್ದಳು. ಅಣ್ಣ ಭುಜ ಒಳಗೆಳೆದ. ಉಗುಳಿದ. ತಲೆ ತಗ್ಗಿಸಿದ.

ಅವಳು ಸರಿದಳು.

ಉಕ್ಕಿನ ಅಚ್ಚುಗಳನ್ನು ಪೇರಿಸಿದ್ದ ಕಬ್ಬಿಣದ ಕಪಾಟಿಗೆ ಅವನು ಡಿಕ್ಕಿ ಹೊಡೆದು ಕುಸಿದ. ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಅಚ್ಚು ಬಿಡಿಸುವ ಸುತ್ತಿಗೆ ಅವಳ ಕೈಗೆ ಬಂದಿತ್ತು. ಮೊದಲ ಏಟು ಮೊಣಕಾಲಿಗೆ. ಎರಡನೆಯದು ಬಾಯಿಗೆ. ಹಲ್ಲುಗಳು ನೆಲದ ಮೇಲೆ ಚದುರಿದ ಸದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು. ಆಮೇಲೆ ಅವನ ಬಲ ಅಂಗೈಯನ್ನು ನೆಲಕ್ಕೊತ್ತಿ ಹಿಡಿದು, ಬೆರಳುಗಳ ಮೇಲೆ ಬಡಿದಳು, ಬಡಿಯುತ್ತಲೇ ಇದ್ದಳು.

"ಅಕ್ಕಾ, ಸತ್ತೋಗ್ತಾನೆ! ಬಿಡಿ ಅಕ್ಕಾ!" ಹುಡುಗಿ ಹಿಂದಿನಿಂದ ಅವಳನ್ನು ತಬ್ಬಿ ಎಳೆದಳು. ಅಚ್ಚಕ್ಕ ಬಲಕ್ಕೆ ತಿರುಗಿ ಉಗುಳಿದಳು. ಉಗುಳಿದ ಮೇಲೆ ತಾನೇನು ಮಾಡಿದೆನೆಂದು ಗೊತ್ತಾಗಿ ಕೈಯಿಂದ ಸುತ್ತಿಗೆ ಜಾರಿತು.

ನ್ಯಾಯಾಲಯದಲ್ಲಿ ಅವಳು ಏನನ್ನೂ ಮುಚ್ಚಿಡಲಿಲ್ಲ. ಮೊದಲ ಏಟು ಪ್ರಾಣರಕ್ಷಣೆಗೆಂದು ಒಪ್ಪಿದ ನ್ಯಾಯಾಧೀಶರು ಉಳಿದವನ್ನು ಒಪ್ಪಲಿಲ್ಲ. ಜೈಲಾಯಿತು. ಸುದ್ದಿ ಹರಡಿ ಗೂಳಿಗೆ ಇನ್ನಷ್ಟು ಬೇಡಿಕೆ ಬಂತು. ಯಜಮಾನರು ಸುತ್ತಿಗೆ ಹಿಡಿದ ಹೆಂಗಸಿನ ಗೊಂಬೆಯನ್ನು ಪಡೆಗೆ ಸೇರಿಸಿದರು. ಗೇಮಿಗಾಗಿ ಅದಕ್ಕೆ ಚಲನೆ ಕೂರಿಸಲು ಕಂಪನಿ ಹೇಳಿದಾಗ ಹುಡುಗಿ ಕೆಲಸ ಬಿಟ್ಟಳು. ಬೇರೆಯವರು ಕೂರಿಸಿದರು. ಆಟ ನಿಲ್ಲಲಿಲ್ಲ.

ಜೈಲಿಗೆ ಮೊದಲು ಬಂದವಳು ಅತ್ತಿಗೆ. ಜಾಲರಿಯಾಚೆ ಕೂತು, "ನನ್ನ ಗಂಡನ ಕೈ ತೆಗೆದೆಯಲ್ಲೇ ಪಾಪಿ, ನಿನ್ನ ಕೈಗೆ ಹುಳ ಬೀಳ," ಎಂದು ಬಾಯಿಗೆ ಬಂದಂತೆ ಬೈದಳು. ಬೈದು ಸುಸ್ತಾಗಿ ಸೆರಗಿನಲ್ಲಿ ಮೂಗೊರೆಸಿಕೊಂಡಳು. ಆಮೇಲೆ ದನಿ ತಗ್ಗಿಸಿ, "ಮನೇಲಿ ತಟ್ಟೆ ಹಾರೋದು ನಿಂತಿದೆ. ರಾತ್ರಿ ನಿದ್ದೆ ಬರುತ್ತೆ ಕಣೇ. ಹೀಗಂದೆ ಅಂತ ಯಾರಿಗೂ ಹೇಳ್ಬೇಡ," ಎಂದಳು.

ಬಿಡುಗಡೆಯಾದ ಮೇಲೆ ಅಚ್ಚಕ್ಕ ಕಾರ್ಖಾನೆಗೆ ಹೋಗಲಿಲ್ಲ. ಕಟ್ಟುಹಲ್ಲು ಮಾಡುವ ಕಡೆ ಮೇಣದ ಕೆಲಸ ಹಿಡಿದಳು. ಅಣ್ಣನನ್ನು ನೋಡಲು ಹೋಗಲು ಮಾತ್ರ ಬಹಳ ಕಾಲ ಹಿಡಿಯಿತು. ಹೋದಾಗ ಅವನು ಕಿಟಕಿ ಪಕ್ಕ ಕೂತು ಎಡಗೈಯಲ್ಲಿ ಚಮಚ ಹಿಡಿದು ಗಂಜಿ ಕುಡಿಯುತ್ತಿದ್ದ. ಅವಳು ಒಳಬಂದೊಡನೆ ಅವನ ಭುಜ ಮುದುರಿತು. ನುಗ್ಗುವುದಕ್ಕಲ್ಲ, ಹೆದರಿ. ಅದನ್ನು ನೋಡಿ ಅವಳಿಗೆ ಗೆದ್ದೆ ಅನ್ನಿಸಲಿಲ್ಲ.

"ಊರಲ್ಲಿ ಅಷ್ಟು ಜನ ಇದ್ರು. ನನ್ನನ್ನೇ ಯಾಕೆ ಮಾಡ್ದೆ?" ಎಂದ ಅಣ್ಣ, ಬೊಚ್ಚುಬಾಯಿಯಲ್ಲಿ.

"ನಿನ್ನಷ್ಟು ಯಾರನ್ನೂ ನೋಡಿರ್ಲಿಲ್ಲ ಅಣ್ಣಾ. ಕಣ್ಣು ಮುಚ್ಚಿದ್ರೂ ನೀನೇ ಕಾಣ್ತಿದ್ದೆ."

ಅವನು ಇನ್ನೊಂದು ಚಮಚ ಬಾಯಿಗಿಟ್ಟ. ಗಂಜಿ ಗಲ್ಲಕ್ಕೆ ಇಳಿಯಿತು. ಒರೆಸಲು ಅವಳು ಬಟ್ಟೆ ಹಿಡಿದು ಕೈ ಚಾಚಿದಾಗ ಅವನು ಮುಖ ಪಕ್ಕಕ್ಕೆ ತಿರುಗಿಸಿಕೊಂಡ. ಬಟ್ಟೆಯನ್ನು ಅವನ ಎಡಗೈಗೆ ನಿಲುಕುವಂತೆ ಕಿಟಕಿಯ ಕಟ್ಟೆಯ ಮೇಲಿಟ್ಟು, ಅವಳು ಒಳಗೆ ಪಾತ್ರೆ ತೊಳೆಯುತ್ತಿದ್ದ ಅತ್ತಿಗೆಯ ಹತ್ತಿರ ಹೋಗಿ ಕೂತಳು.