ಅಪ್ಪನ ಫರೋಹ

ನಮ್ಮಪ್ಪ ಹೊಲಿಗೆ ಕಾರ್ಖಾನೆಯಲ್ಲಿ ಇಸ್ತ್ರಿ ಹಾಕುತ್ತಿದ್ದವನು. ಬಟ್ಟೆ ಮಡಚುವ ಕೆಲಸಕ್ಕೆ ನಾನೂ ಅಲ್ಲೇ ಇದ್ದೆ. ಊಟದ ಬಿಡುವಿನಲ್ಲಿ ಅಪ್ಪ ಇನ್ನೂ ಬೆಚ್ಚಗಿರುವ ಇಸ್ತ್ರಿ ಮೇಜಿನ ಮೇಲೆ ನಮ್ಮ ಯೆಹೂದ್ಯರ ಧರ್ಮಗ್ರಂಥ ಬಿಚ್ಚಿಕೊಂಡು ಕೂತರೆ, ಅದರೊಳಗೂ ಅವನಿಗೆ ಕಾಣುತ್ತಿದ್ದುದು ಕಾರ್ಖಾನೆಯೇ. ನಮ್ಮವರನ್ನು ಗುಲಾಮರಾಗಿ ದುಡಿಸಿದ ಈಜಿಪ್ಟಿನ ರಾಜ ಫರೋಹ ಮಾಲೀಕ, ಅವರನ್ನು ಬಿಡಿಸಿದ ಮೋಶೆ ಸಂಘದ ಮುಖಂಡ, ಈಜಿಪ್ಟ್ ಬಿಟ್ಟು ಹೊರಟದ್ದು ಮುಷ್ಕರ, ಏಳನೆಯ ದಿನದ ವಿಶ್ರಾಂತಿ ಮೊಟ್ಟಮೊದಲ ಕಾರ್ಮಿಕ ಕಾನೂನು.

“ಮೋಶೆ ಚಂದಾ ರಸೀದಿ ಬೇರೆ ಹರೀತಿದ್ನೇನ್ರಿ?” ಎಂದು ಅಮ್ಮ ಕಾಲೆಳೆಯುತ್ತಿದ್ದಳು.

ಅಪ್ಪನ ಮಾತನ್ನು ಪೂರ್ತಿ ನಂಬಿದವಳು ಅವನ ತಂಗಿ, ನನ್ನ ಅತ್ತೆ. ಅದೇ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುತ್ತ ಕೇಳಿ ಕೇಳಿ ಅವಳಿಗೆ ಎಲ್ಲ ಬಾಯಿಪಾಠ. ಅವಳಿಗೆ ಮೆಚ್ಚಾದದ್ದು ಸಮುವೇಲನ ಕಥೆ. ಜನ ರಾಜ ಬೇಕೆಂದು ಹಟ ಹಿಡಿದಾಗ, ರಾಜನಾದವನು ನಿಮ್ಮ ಮಕ್ಕಳನ್ನೇ ಚಾಕರಿಗೆ ಎಳೆದುಕೊಳ್ಳುತ್ತಾನೆ ಎಂದು ಆ ಪ್ರವಾದಿ ಎಚ್ಚರಿಸಿದ್ದನಂತೆ. ಆಳುವವರನ್ನು ಜನವೇ ಆರಿಸಬೇಕು, ಬೇಡವಾದರೆ ಇಳಿಸಬೇಕು, ಸಮುವೇಲ ಹೇಳಿದ್ದು ಅದನ್ನೇ ಎಂದು ಅಪ್ಪ ವಾದಿಸುತ್ತಿದ್ದ.

ಕಾರ್ಖಾನೆಯಲ್ಲಿ ಕೂಲಿಗಾಗಿ ನಡೆದ ಮುಷ್ಕರದಲ್ಲಿ ನಮ್ಮ ಸಂಘ ಗೆದ್ದಿತು, ಅಪ್ಪ ಅದರ ಅಧ್ಯಕ್ಷನಾದ. ಆಮೇಲೆ ಚುನಾವಣೆಯ ಸುದ್ದಿಯೇ ಇಲ್ಲ. ಯಾಕೆಂದು ಕೇಳಿದ ಅತ್ತೆಯನ್ನೇ ಸಂಘದಿಂದ ಹೊರಗೆ ಹಾಕಿದ. ಸಂಘದಲ್ಲಿ ಇಲ್ಲದವರಿಗೆ ಕಾರ್ಖಾನೆಯಲ್ಲಿ ಕೆಲಸವಿಲ್ಲ. ಆ ನಿಯಮ ತಂದವನೂ ಅವನೇ. ಗಂಡನಿಲ್ಲದ ಅತ್ತೆ ದುಡಿಮೆಯೂ ಇಲ್ಲದೆ ಮನೆಯಲ್ಲಿ ಕೂತಳು. ಅಪ್ಪನನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಮ್ಮ ಪ್ರಾರ್ಥನಾ ಮಂದಿರದಲ್ಲಿ ಹಳೆಯದೊಂದು ಪದ್ಧತಿಯಿದೆ. ಅನ್ಯಾಯಕ್ಕೊಳಗಾದವರು ಎದ್ದು ಗ್ರಂಥದ ಓದನ್ನು ತಡೆಯಬಹುದು. ಅವರ ದೂರು ಕೇಳುವ ತನಕ ಓದು ಮುಂದುವರಿಯುವಂತಿಲ್ಲ. ಆ ಶನಿವಾರ ಗ್ರಂಥದ ಸುರುಳಿ ಬಿಚ್ಚುತ್ತಿದ್ದಂತೆ ಅತ್ತೆ ಎದ್ದಳು.

“ಓದು ನಿಲ್ಲಿಸಿ. ಅಣ್ಣಾ, ನನ್ನ ಅನ್ನಕ್ಕೆ ಕಲ್ಲು ಹಾಕಿದೋನು ನೀನು. ಸಮುವೇಲ ಜನಕ್ಕೆ ಏನು ಹೇಳಿದ? ನೀನೇ ಕಲಿಸಿದ್ದು. ಒಂದ್ಸಲ ಎಲ್ಲರ ಮುಂದೆ ಹೇಳು.”

ಅಪ್ಪ ಎದ್ದು ನಿಂತ. “ಅದು ಹಳೇ ಕಾಲದ ರಾಜರ ವಿಷಯ. ಅದಕ್ಕೂ ಈಗಿನದಕ್ಕೂ ಏನು ಸಂಬಂಧ?”

ತಾನು ಆಡಿದ್ದೇನು ಎಂದು ಅಪ್ಪನಿಗೇ ಕೇಳಿಸಿರಬೇಕು, ಬೆಂಚಿನ ಮೇಲೆ ಕುಸಿದು ಕೂತ. ಕೂತಲ್ಲಿಂದಲೇ, “ಚುನಾವಣೆ ಮಾಡೋಣ. ನೀನು ಕೆಲಸಕ್ಕೆ ಬಾ” ಎಂದ.

ಚುನಾವಣೆಯಲ್ಲಿ ಸೋತು ಮತ್ತೆ ಇಸ್ತ್ರಿ ಹಿಡಿದ. ಬಿಡುವಿನ ಓದೂ ಮತ್ತೆ ಶುರುವಾಯಿತು. ಆದರೆ ಫರೋಹನ ಹೆಸರು ಬಂದ ಕಡೆ ಅಪ್ಪನ ದನಿ ನಿಂತುಬಿಡುತ್ತಿತ್ತು, ಅತ್ತೆಯ ಕಡೆ ನೋಡುತ್ತಿದ್ದ.

“ಓದಣ್ಣ” ಎನ್ನುತ್ತಿದ್ದಳು ಅತ್ತೆ, ಗುಂಡಿಯಿಂದ ಕಣ್ಣೆತ್ತದೆ.