ವೈನಿಯ ಮೊಣಕೈ ಪಿನ್ನು

ಸ್ಪೀಕರಿನ ವಾಯರನ್ನು ಬ್ಯಾಂಜೋಗೆ ಸಿಕ್ಕಿಸುವ ಪಿನ್ನು, ಒಂದಕ್ಕೆ ನಾಲ್ಕು ರೂಪಾಯಿ. ನೆಟ್ಟನೆ ಪಿನ್ನಿನ ದುಪ್ಪಟ್ಟು ದರ. ಎಲ್ಲರ ಹತ್ತಿರ ಚೌಕಾಸಿ ಮಾಡುವ ನಾನು ವೈನಿಯ ಹತ್ತಿರ ಮಾಡುತ್ತಿರಲಿಲ್ಲ. ಯಾಕೆಂದರೆ ಬ್ಯಾಂಜೋ ತೊಡೆಯ ಮೇಲಿಟ್ಟು ಬಾರಿಸುವವನಿಗೆ ನೆಟ್ಟನೆ ಪಿನ್ನು ಚಾಚಿಕೊಂಡು ಅಡ್ಡ ಬರುತ್ತದೆ. ಯಾರಾದರೂ ವಾಯರ್ ತುಳಿದರೆ ಬುಡಕ್ಕೇ ಮುರಿಯುತ್ತದೆ. ವೈನಿಯ ಪಿನ್ನು ಮೊಣಕೈಯಂತೆ ಮಡಚಿಕೊಂಡು ವಾದ್ಯದ ಮೈಗೇ ಅಂಟಿ ಕೂಡುತ್ತಿತ್ತು. ಮೊನ್ನೆ ರಿಪೇರಿ ಅಂಗಡಿಯೊಂದರಲ್ಲಿ ಬೆಸುಗೆಯ ರಾಳ ಸುಟ್ಟ ವಾಸನೆ ಬಂತು... ಹೋದ ಕೆಲಸ ಮರೆತು ನಿಂತೆ.

ಎಪ್ಪತ್ತರ ದಶಕ. ಇಂಡಿ ಪಟ್ಟಣದಲ್ಲಿ ನನ್ನದು ಮೈಕ್ ಸೆಟ್ ಬಾಡಿಗೆಯ ಧಂದೆ. ಸಿಂದಗಿಯ ವೈನಿ ನೆಂಟರಲ್ಲ. ಅವರ ಗಂಡನನ್ನು ಅಣ್ಣಾ ಅನ್ನುತ್ತಿದ್ದೆ, ಅದಕ್ಕೆ ಅವರು ವೈನಿ. ಅಣ್ಣ ಮದುವೆ ಬ್ಯಾಂಡಿನಲ್ಲಿ ಬ್ಯಾಂಜೋ ಬಾರಿಸುತ್ತಿದ್ದ. ವೈನಿಗೆ ಕಿವಿ ಪೂರ್ತಿ ಹೋಗಿತ್ತು. ತುಟಿ ನೋಡಿ ಮಾತು ತಿಳಿಯುತ್ತಿದ್ದರು. ಹಿತ್ತಾಳೆಯ ಪುಟ್ಟ ಮೊಣಕೈಯೊಳಗೆ ತಂತಿ ಮಡಚಿ ಬೆಸೆದು, ಅಣ್ಣನ ಬ್ಯಾಂಜೋಗೆ ಸಿಕ್ಕಿಸಿ, ಸ್ಪೀಕರ್ ಪೆಟ್ಟಿಗೆಯ ಮೇಲೆ ಬಲ ಅಂಗೈ ಇಡುತ್ತಿದ್ದರು. ಅಣ್ಣ ಪ್ರತಿಸಲ ಅದೇ ಒಂದು ಧಾಟಿ ಬಾರಿಸುತ್ತಿದ್ದ. ನಡುಕ ಅಂಗೈಗೆ ಬಂದರೆ ಪಿನ್ನು ಪಾಸು. ಗಂಡನ ಬ್ಯಾಂಜೋ ಅವರಿಗೆ ಕೇಳುತ್ತಿದ್ದುದು ಆ ಅಂಗೈಯಲ್ಲಿ ಮಾತ್ರ.

ಒಂದು ಬೇಸಿಗೆಯಲ್ಲಿ ಜ್ವರ ಬಂದು ಅಣ್ಣ ತೀರಿಹೋದ. ವೈನಿ ಪಿನ್ನು ಮಾಡುವುದನ್ನು ಬಿಡಲಿಲ್ಲ. ಬಾರಿಸುವ ಪಾಳಿ ನನ್ನದಾಯಿತು.

"ಏನೋ ತಮ್ಮಾ, ಉಳ್ಳಾಗಡ್ಡಿ ಹೆಚ್ಚಾಕತ್ತೀಯೇನು? ನಿಮ್ಮಣ್ಣಂದು ಹಿಂಗಿದ್ದಿಲ್ಲ."

"ಪಿನ್ನು ಚಲೋ ಐತೋ ಇಲ್ಲೋ ಅಷ್ಟ ಹೇಳ್ರಿ ವೈನಿ."

"ಪಿನ್ನು ಚಲೋ ಐತಿ. ನೀ ಚಲೋ ಇಲ್ಲ."

ಈರುಳ್ಳಿ ಹೆಚ್ಚಿದಂತೆ ಅಂದದ್ದಕ್ಕೆ ನನಗೂ ಹಟ ಬಂತು. ಮುದ್ದೇಬಿಹಾಳ, ಬಾಗೇವಾಡಿ, ತಾಳಿಕೋಟೆ ಎಂದು ಮೈಕ್ ಹೊತ್ತು ಹೋದಲ್ಲೆಲ್ಲ ಬ್ಯಾಂಡಿನವರಿಗೆ ಚಹಾ ಕುಡಿಸಿ, ಕಾಡಿ ಬೇಡಿ, ಅಣ್ಣನ ಆ ಧಾಟಿ ಕಲಿತೆ. ಅಷ್ಟರಲ್ಲಿ ವೈನಿಗೆ ಲಕ್ವಾ ಹೊಡೆಯಿತು. ಬಲಗಡೆ... ಚೇತರಿಸಿಕೊಂಡು ಮತ್ತೆ ಕೆಲಸಕ್ಕೆ ಕೂತಿದ್ದಾರೆಂದು ಕೇಳಿ ಸಿಂದಗಿ ಬಸ್ ಹತ್ತಿದೆ.

ಎಡಗೈಯಲ್ಲೇ ಬೆಸೆದರು. ರೂಢಿಯಂತೆ ಬಲಗೈಯನ್ನು ಎಡಗೈಯಿಂದ ಎತ್ತಿ ತಂದು ಪೆಟ್ಟಿಗೆಯ ಮೇಲಿಟ್ಟರು. ನಾನು ಅಣ್ಣನ ಧಾಟಿ ಬಾರಿಸಿದೆ. ಎಲ್ಲೂ ತಪ್ಪಲಿಲ್ಲ, ಗೋಡೆಯ ಮಾಡದಲ್ಲಿದ್ದ ಊಟದ ಗಂಗಾಳ ಗಡಗಡ ನಡುಗಿತು.

"ಬರಾಕತ್ತಿಲ್ಲೋ ತಮ್ಮಾ. ಬೆಸುಗಿ ಕೂಡಿಲ್ಲ."

ಬಿಚ್ಚಿದರು. ಮತ್ತೆ ಬೆಸೆದರು. ಮತ್ತೆ ಅದೇ ಕೈ ಇಟ್ಟರು. "ಇಲ್ಲ."

ನಾನು ಬಾರಿಸುತ್ತಲೇ ಇದ್ದೆ. ವೈನಿ ನಡುಗುವ ಗಂಗಾಳ ನೋಡಿದರು, ಆಮೇಲೆ ತಮ್ಮ ಕೈ ನೋಡಿಕೊಂಡರು. ಮೆಲ್ಲಗೆ ಬಾಗಿ ಪೆಟ್ಟಿಗೆಗೆ ಎಡಗೆನ್ನೆ ಒತ್ತಿದರು. ಬಹಳ ಹೊತ್ತು...

"ನಿಮ್ಮಣ್ಣ," ಅಂದರು. "ನಿಲ್ಲಸಬ್ಯಾಡ."

ಆ ವರ್ಷವೇ ವೈನಿಯೂ ಹೋದರು. ಈಗ ಮೊಣಕೈ ಪಿನ್ನುಗಳು ಅಂಗಡಿಯಲ್ಲಿ ರಾಶಿಗಟ್ಟಲೆ ಬಿದ್ದಿರುತ್ತವೆ. ನಾನು ಬಾರಿಸಿದ್ದು ಚಲೋ ಐತೋ ಇಲ್ಲೋ ಅಂತ ಹೇಳುವವರು ಯಾರೂ ಉಳಿದಿಲ್ಲ.

ಕೊಳ್ಳುವವರಿಗೊಂದು ಮಾತು: ಪಿನ್ನನ್ನು ಅಂಗಡಿಯಲ್ಲೇ ಸಿಕ್ಕಿಸಿ, ಸ್ಪೀಕರ್ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು, ವಾಯರ್ ಅಲುಗಿಸಿ ನೋಡಿರಿ. ನಡುಕ ತುಂಡಾದರೆ ಅಲ್ಲೇ ವಾಪಸ್ ಕೊಡಿರಿ, ದಾಕ್ಷಿಣ್ಯ ಬೇಡ. ಬಾರಿಸುತ್ತಿರುವವರು ನಿಮ್ಮ ಮನೆಯವರೇ ಆಗಿದ್ದರೆ, ಪಿನ್ನು ಸರಿಯಿದೆಯೆಂದು ಗೊತ್ತಾದ ಮೇಲೂ ಕೈ ತೆಗೆಯಬೇಡಿರಿ.