ಚುಕ್ಕೆ ಇದ್ದ ಫ್ಯೂಸುಗಳು

ನನ್ನ ಗಂಡ ಅಫಜಲಪುರದ ಸುತ್ತ ಭೀಮಾ ದಂಡೆಯ ಪಂಪ್‌ಸೆಟ್ಟುಗಳನ್ನು ರಿಪೇರಿ ಮಾಡುತ್ತಿದ್ದರು. ಕರೆಂಟು ಬಂದಿದೆಯೋ ಇಲ್ಲವೋ ನೋಡಲು ಅವರ ಬಳಿ ಇದ್ದದ್ದು ವೈರಿಗೆ ಜೋಡಿಸಿದ ಎರಡು ಬಲ್ಬು, ಅಷ್ಟೇ. ಬಲ್ಬು ಹತ್ತಿದರೆ ಕರೆಂಟು ಇದೆ, ಹತ್ತದಿದ್ದರೆ ಇಲ್ಲ. ಅದರಲ್ಲಿ ಓದುವಂಥದ್ದು ಏನೂ ಇರಲಿಲ್ಲ. ತೊಂಬತ್ತರ ಆಚೀಚೆ ಪುಣೆಯಲ್ಲಿ ಕೆಲಸಕ್ಕಿದ್ದ ನನ್ನ ತಮ್ಮ ಇವರಿಗೆಂದು, ಕರೆಂಟನ್ನು ಅಂಕಿಯಲ್ಲಿ ತೋರಿಸುವ ಒಂದು ಡಿಜಿಟಲ್ ಮಲ್ಟಿಮೀಟರ್ ತಂದುಕೊಟ್ಟ. ಇವರು ಅದನ್ನು ಅಂಗಿಯ ಜೇಬಿನಲ್ಲಿ ಅರ್ಧ ಹೊರಗೆ ಕಾಣುವ ಹಾಗೆ ಇಟ್ಟುಕೊಂಡು ಊರೆಲ್ಲ ತಿರುಗಿದರು. ಮದುವೆಯಾದ ಹೊಸತರಲ್ಲಿ ನನ್ನನ್ನೂ ಇಷ್ಟು ಮೆರೆಸಿರಲಿಲ್ಲ.

ತಿಂಗಳೊಪ್ಪತ್ತಿನಲ್ಲಿ ಅದರೊಳಗಿನ ಫ್ಯೂಸು ಸುಟ್ಟಿತು. ಬೆರಳಿನ ಒಂದು ಗೆಣ್ಣಿನಷ್ಟು ಗಾಜಿನ ಕೊಳವೆ, ಎರಡೂ ತುದಿಗೆ ತಗಡಿನ ಟೊಪ್ಪಿಗೆ, ನಡುವೆ ಕೂದಲಿನಂಥ ತಂತಿ. ಕರೆಂಟು ಅತಿಯಾದರೆ ಆ ತಂತಿ ತಾನು ಸುಟ್ಟು ಮೀಟರನ್ನೂ ಹಿಡಿದವರನ್ನೂ ಕಾಯುತ್ತದೆ. ಜೇವರ್ಗಿಯ ಅಂಗಡಿಯವರೊಬ್ಬರು ಹೊಸದನ್ನು ತರಿಸಿಕೊಟ್ಟರು. ಬೆಲೆ ಕೇಳಿ, ಬಂಗಾರದ ಅಂಗಡಿಗೆ ಬಂದೆವೇನೋ ಅನ್ನಿಸಿತು. ಅದೂ ಸುಟ್ಟಿತು. ಮತ್ತೊಂದು ತಂದರು, ಅದೂ ಸುಟ್ಟಿತು. ಇವರು ಪ್ರತಿ ಸಲ ಫ್ಯೂಸು ಮಾಡಿದವರಿಗೆ ಬೈದರು.

ನಮ್ಮ ಕಡೆ ಫ್ಯೂಸು ಹೋಯಿತೆಂದು ಅಂಗಡಿಗೆ ಹೋಗುವವರು ಕಡಿಮೆ. ಮನೆಯ ಬೋರ್ಡಿನದಾದರೆ ಯಾವುದೋ ವೈರಿನ ಎಳೆ ಕಟ್ಟುತ್ತಾರೆ. ಗಾಜಿನದಾದರೆ ಅದರ ಮೇಲೆ ಸಿಗರೇಟ್ ಪಾಕೀಟಿನ ಚಾಂದಿ ಕಾಗದ ಸುತ್ತುತ್ತಾರೆ. ಇವರ ಜೊತೆಯ ಮೆಕ್ಯಾನಿಕ್ ಒಬ್ಬರು ಚಹಾಕ್ಕೆ ಬಂದಾಗ ಅದನ್ನೇ ಹೇಳಿದರು.

"ಚಾಂದಿ ಸುತ್ತ್ರಿ. ಜಿಂದಗಿ ಪೂರಾ ಸುಡಂಗಿಲ್ಲ."

"ಹೌದ್ರಿ ಅಣ್ಣಾ, ಫ್ಯೂಸ್ ಸುಡಂಗಿಲ್ಲ. ಇವ್ರ ಸುಡ್ತಾರ," ಎಂದೆ ನಾನು ಅಡುಗೆಮನೆಯಿಂದಲೇ. ಚಹಾ ಅರ್ಧಕ್ಕೇ ಬಿಟ್ಟು ಅವರು ಎದ್ದರು.

ಮೋಟಾರಿನ ಡಬ್ಬಿಯಲ್ಲಿ ಮೂರು ಫೇಸಿನ ಕರೆಂಟು ಇರುತ್ತದೆ. ಇವರು ಅದರೊಳಗೆ ಕೈ ಹಾಕಿ ದುಡಿಯುವವರು. ಸಂಜೆ ಸೈಕಲ್ಲಿನ ಸಪ್ಪಳ ಕೇಳುವ ತನಕ ನನಗೆ ಜೀವದಲ್ಲಿ ಜೀವ ಇರುತ್ತಿರಲಿಲ್ಲ. ಹಾಗಾಗಿ ಸುಟ್ಟ ಫ್ಯೂಸೊಂದನ್ನು ಎಲೆ ಅಡಿಕೆಯ ಚೀಲದಲ್ಲಿಟ್ಟುಕೊಂಡು, ಹೋದ ಊರಲ್ಲೆಲ್ಲ ಅಂಥದ್ದು ಸೋವಿ ಸಿಗುತ್ತದೆಯೇ ಎಂದು ಕೇಳುತ್ತಿದ್ದೆ.

ಕಡೆಗೆ ಸಿಕ್ಕಿದ್ದು ಆಳಂದದ ಸಂತೆಯಲ್ಲಿ. ನನ್ನ ತವರು ನಿಂಬರ್ಗಾದಿಂದ ಇಬ್ಬರೂ ತಿರುಗಿ ಬರುತ್ತಿದ್ದೆವು. ಸೊಲ್ಲಾಪುರದ ಕಡೆಯ ವ್ಯಾಪಾರಿಯೊಬ್ಬರು ಗೋಣಿತಟ್ಟು ಹಾಸಿ ಟೇಪ್‌ರೆಕಾರ್ಡರಿನ ಹಳೆಯ ಸಾಮಾನು ಹರವಿದ್ದರು. ನನ್ನ ಫ್ಯೂಸು ನೋಡಿ, ಬಿಸ್ಕೀಟಿನ ಡಬ್ಬಿಯೊಂದನ್ನು ಮುಂದೆ ಸರಿಸಿದರು. ಅದರ ತುಂಬ ಫ್ಯೂಸು.

"ಎಲ್ಲಾ ಮಿಕ್ಸ್ ಅದಾವ ಅಕ್ಕಾ. ನಿಮಗ ಬೇಕಾದ್ದು ಆರಿಸ್ಕೊಳ್ರಿ. ಒಂದು ಮುಷ್ಟಿಗೆ ಎರಡು ಚಹಾದ ರೊಕ್ಕ ಕೊಡ್ರಿ, ಸಾಕು."

ಇಬ್ಬರೂ ಕುಕ್ಕರಗಾಲಲ್ಲಿ ಕೂತು, ತೊಗರಿಬೇಳೆಯಲ್ಲಿ ಹರಳು ಆರಿಸುವ ಹಾಗೆ ಆರಿಸತೊಡಗಿದೆವು. ಟೊಪ್ಪಿಗೆಯ ಮೇಲೆ ಸಾಸಿವೆಗಿಂತ ಸಣ್ಣ ಅಂಕಿ. ನಮಗೆ ಬೇಕಾದದ್ದು ಪಾಯಿಂಟ್ ಎರಡು ಆಂಪಿಯರಿನದ್ದು. ಆ ಪಾಯಿಂಟಿನ ಚುಕ್ಕೆ ಇರದಿದ್ದರೆ ಅದು ಎರಡರದ್ದು, ಹತ್ತು ಪಟ್ಟು ಕರೆಂಟು ಬಿಡುವಂಥದ್ದು. ಹೆಚ್ಚುಕಡಿಮೆ ಚಾಂದಿ ಸುತ್ತಿದ ಹಾಗೆಯೇ. ಇವರ ರಾಶಿ ನನ್ನದಕ್ಕಿಂತ ಬೇಗ ಬೆಳೆಯಿತು. ನೋಡಿದರೆ ಅದರಲ್ಲಿ ಅರ್ಧಕ್ಕೆ ಚುಕ್ಕೆಯೇ ಇಲ್ಲ.

ಒಂದನ್ನು ಎತ್ತಿ ಕೊಟ್ಟು, "ಇದು ಎಷ್ಟರದ್ದ್ರಿ?" ಎಂದೆ.

ಇವರು ಕೈಯನ್ನು ಪೂರ್ತಿ ದೂರ ಚಾಚಿ, ಕತ್ತು ಹಿಂದಕ್ಕೆ ಎಳೆದು, ಬಿಸಿಲಿಗೆ ಹಿಡಿದರು. "ಪಾಯಿಂಟ್ ಎರಡು," ಎಂದರು. ಅಲ್ಲಿ ಚುಕ್ಕೆ ಇರಲಿಲ್ಲ.

ಕೆಂಪು ವೈರನ್ನು ಯಾವ ತೂತಿಗೆ ಹಾಕಬೇಕೆಂದು ಮೀಟರಿನ ಮೇಲೂ ಇಷ್ಟೇ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಇಷ್ಟು ದಿನ ಇವರು ಅಂದಾಜಿನ ಮೇಲೆ ಹಾಕುತ್ತಿದ್ದರು, ತಪ್ಪು ತೂತಿಗೆ ಹೋದಾಗಲೆಲ್ಲ ಫ್ಯೂಸು ಸುಡುತ್ತಿತ್ತು. ಫ್ಯೂಸಿನಲ್ಲಿ ಐಬು ಇರಲೇ ಇಲ್ಲ. ಅವು ಒಂದೊಂದಾಗಿ ಇವರ ಬದಲು ಸುಟ್ಟಿದ್ದವು. ಕನ್ನಡಕ ಹಾಕಿಕೊಂಡ ಸ್ವಂತ ಅಣ್ಣನನ್ನೇ ಮುದುಕ ಎಂದು ಆಡಿಕೊಂಡ ಮನುಷ್ಯ ಇವರು. ಸಂತೆಯಲ್ಲೇ ಜಗಳ ತೆಗೆಯುವಷ್ಟು ಸಿಟ್ಟು ಬಂತು. ಬಾಯಿ ತೆರೆದರೆ ಅಳು ಬರುತ್ತಿತ್ತು. ಚುಕ್ಕೆ ಇಲ್ಲದವನ್ನೆಲ್ಲ ತಿರುಗಿ ಡಬ್ಬಿಗೆ ಹಾಕಿದೆ. ವ್ಯಾಪಾರಿ ನೋಡಿಯೂ ನೋಡದವರಂತೆ ಬೀಡಿ ಹಚ್ಚಿದರು.

ಬಸ್ಸಿನಲ್ಲಿ ಮೆಲ್ಲಗೆ ಕನ್ನಡಕದ ಮಾತು ತೆಗೆದೆ. "ನನಗೇನಾಗೇದ? ಹದ್ದಿನ ಕಣ್ಣು ನಂದು," ಎಂದವರು ಅಫಜಲಪುರ ಬರುವ ತನಕ ಕಿಟಕಿಯ ಕಡೆ ಮುಖ ಮಾಡಿದ್ದರು.

ಮರುದಿನ ಮುಂಜಾನೆ ನಾನೇ ಫ್ಯೂಸು ಕೂರಿಸಿ ಮೀಟರನ್ನು ಕೈಗೆ ಕೊಟ್ಟೆ. ಸೈಕಲ್ ಹಿಡಿದು ಅಂಗಳ ದಾಟಿದವರು ತಿರುಗಿ ಬಂದರು. ಹೊರಗೆ ಯಾರಾದರೂ ಇದ್ದಾರೇನೋ ಎಂದು ನೋಡಿ, ನನ್ನ ಎದುರಿಗೆ ಕೂತು ಮೀಟರನ್ನೂ ಕೆಂಪು ವೈರನ್ನೂ ನನ್ನ ಮಡಿಲಲ್ಲಿ ಇಟ್ಟರು.

"ಯಾವ ತೂತಿನಾಗ ಹಾಕ್ಬೇಕು, ನೋಡು. ನನಗ ಕಾಣವಲ್ದು."

ಆ ಮಾತು ಆಡಲು ಅವರಿಗೆ ಎಷ್ಟು ಕಷ್ಟವಾಗಿತ್ತೆಂದು ನನಗೆ ಗೊತ್ತು. ನಾನು ವೈರು ಹಾಕಿಕೊಡಲಿಲ್ಲ. ಎದ್ದು ಚಪ್ಪಲಿ ಮೆಟ್ಟಿದೆ. ಆ ದಿನ ಪಂಪ್‌ಸೆಟ್ಟಿನವರು ಕಾದರು, ನಾವಿಬ್ಬರೂ ಕನ್ನಡಕದ ಅಂಗಡಿಗೆ ಹೋದೆವು.

ಕನ್ನಡಕ ಏರಿಸಿ ಇವರು ಮೊದಲು ನೋಡಿದ್ದು ನನ್ನನ್ನು. "ನಿನಗ ಇಷ್ಟು ಬಿಳಿ ಕೂದಲ ಯಾವಾಗ ಬಂದ್ವು?" ಎಂದರು.

"ಫ್ಯೂಸ್ ಸುಟ್ಟಾಗೊಮ್ಮೆ ಬಂದ್ವ್ರಿ," ಎಂದೆ.

ಆಳಂದದಿಂದ ತಂದ ಆ ಮುಷ್ಟಿ ಫ್ಯೂಸಿನಲ್ಲಿ ಆಮೇಲೆ ಒಂದೂ ಖರ್ಚಾಗಲಿಲ್ಲ.